ಹಳೆಯ ಕಾರಿಗೆ ಹೊಸ ಎಂಜಿನ್: ಒಂದು ವಿಮರ್ಶೆ

ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಇದೆ. ಅವನ ತಂದೆಯ ಕಾಲದ ಅಂಬಾಸಡರ್ ಕಾರು ಎಷ್ಟೋ ವರ್ಷಗಳಿಂದ ಹಿತ್ತಲಿನ ಬೇವಿನ ಮರದಡಿ ನಿಂತಿತ್ತು. ಅದರ ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಕಳೆದ ಬೇಸಿಗೆಯಲ್ಲಿ ಅವನು ಫೋನ್ ಮಾಡಿ, “ಸರ್, ಅಪ್ಪನ ಗಾಡಿ ಚಾಲೂ ಆಗ್ಯಾದ. ಬಂದು ನೋಡ್ರಿ” ಎಂದ. ಹೋಗಿ ನೋಡಿದರೆ ಕಾರಿಗೆ ಹೊಸ ಬಣ್ಣ, ಹೊಸ ಸೀಟು ಬಂದಿದ್ದವು. ಬಾನೆಟ್ ಎತ್ತಿದಾಗ ಮಾತ್ರ ಅಲ್ಲಿ ಇರಬೇಕಾದ ಎಂಜಿನ್ ಕಾಣಲಿಲ್ಲ. ಅಪಘಾತದಲ್ಲಿ ಜಖಂ ಆದ ದೊಡ್ಡ ಪ್ರವಾಸಿ ವಾಹನವೊಂದರ ಟರ್ಬೊ ಡೀಸೆಲ್ ಎಂಜಿನ್ ಅಲ್ಲಿ ಕುಳಿತಿತ್ತು. ಸಾಮರ್ಥ್ಯ ಸುಮಾರು 100 ಅಶ್ವಸಾಮರ್ಥ್ಯ ಎಂದು ಅವನು ಹೆಮ್ಮೆಯಿಂದ ಹೇಳಿದ.

ಕೂರಿಸಿಕೊಂಡು ಊರ ಹೊರಗಿನ ರಸ್ತೆಗೆ ಒಯ್ದ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು. ಹಿಂದೆ ಏದುಸಿರು ಬಿಡುತ್ತ ಏರು ಹತ್ತುತ್ತಿದ್ದ ಕಾರು ಈಗ ಬಾಣದಂತೆ ಹೋಗುತ್ತಿತ್ತು. ವೇಗ ಗಂಟೆಗೆ 100 ಕಿ.ಮೀ. ಮುಟ್ಟಿದಾಗ ಫರ್ಸಿ ಕಲ್ಲು ಹೇರಿದ ಟ್ರ್ಯಾಕ್ಟರೊಂದು ಪಕ್ಕದ ದಾರಿಯಿಂದ ರಸ್ತೆಗೆ ಬಂತು. ಹುಡುಗ ಬ್ರೇಕ್ ಒತ್ತಿದ. ಕಾರು ಎಡಕ್ಕೆ ಎಳೆಯಿತು, ವಾಸನೆ ಬಂತು, ಕೊನೆಗೆ ಟ್ರ್ಯಾಕ್ಟರಿನ ಟ್ರೇಲರಿಗೆ ಒಂದು ಮಾರು ದೂರದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಮರಳಿ ಬಂದ ಮೇಲೆ ಗ್ಯಾರೇಜಿನ ಉಸ್ತಾದರನ್ನು ಕೇಳಿದೆ: “ಬ್ರೇಕಿಗೆ ಏನು ಮಾಡಿದಿರಿ?”

“ಬ್ರೇಕಿಗೇನಾಗ್ಯಾದ್ರಿ ಸರ್? ಹೊಸ ಲೈನರ್ ಹಾಕೀವಿ. ಈ ಕೈಯಾಗ ಎಷ್ಟೋ ಜೀಪಿಗೆ, ಅಂಬಾಸಡರಿಗೆ ಎಂಜಿನ್ ಬದಲಿ ಮಾಡೀನಿ. ಒಂದೂ ಕಂಪ್ಲೇಂಟ್ ಬಂದಿಲ್ಲ.”

ಉಸ್ತಾದರು ಸುಳ್ಳು ಹೇಳುವವರಲ್ಲ. ಅವರ ಅನುಭವವೂ ದೊಡ್ಡದು. ಆದರೂ ಅವರ ತೀರ್ಮಾನ ತಪ್ಪು. ನಿಜವಾದ ಅನುಭವದಿಂದ ತಪ್ಪು ತೀರ್ಮಾನ ಹೇಗೆ ಹುಟ್ಟುತ್ತದೆ? ವಿಜ್ಞಾನ ಓದುವವರೂ ಕಲಿಸುವವರೂ ಯೋಚಿಸಬೇಕಾದ ಪ್ರಶ್ನೆ ಇದು. ಅಂದು ನಾನು ಆ ಹುಡುಗನಿಗೆ “ಚಂದ ಆಗ್ಯಾದಪ್ಪ” ಎಂದಷ್ಟೇ ಹೇಳಿ ಬಂದೆ. ಹೇಳದೆ ಉಳಿಸಿದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕೆಲಸದಲ್ಲಿ ಮೆಚ್ಚತಕ್ಕದ್ದು

ವಿಮರ್ಶೆ ಎಂದರೆ ಬರೀ ದೋಷ ಎಣಿಸುವುದಲ್ಲ. ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಬೇರೆ ವಾಹನದ ಎಂಜಿನನ್ನು ತಂದು ಕೂರಿಸುವುದು ಸುಲಭವಲ್ಲ. ಎಂಜಿನ್ ನಿಲ್ಲುವ ಮೌಂಟಿಂಗುಗಳನ್ನು ಹೊಸದಾಗಿ ಮಾಡಬೇಕು. ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ತಕ್ಕಂತೆ ಕತ್ತರಿಸಿ, ಬೆಸೆದು, ತಿರುಗುವಾಗ ಅದುರದಂತೆ ಸಮತೋಲನ ಮಾಡಿಸಬೇಕು. ಇಂದಿನ ಡೀಸೆಲ್ ಎಂಜಿನ್ ಬರೀ ಕಬ್ಬಿಣವಲ್ಲ. ಅದಕ್ಕೊಂದು ಕಂಪ್ಯೂಟರ್ ಉಂಟು. ಒತ್ತಡ, ತಾಪ, ಕ್ರ್ಯಾಂಕಿನ ಸ್ಥಾನ ಇವನ್ನು ಅಳೆಯುವ ಸಂವೇದಕಗಳುಂಟು. ಒಂದು ತಂತಿ ತಪ್ಪಿದರೂ ಎಂಜಿನ್ ಮಿಸುಕುವುದಿಲ್ಲ. ಇಷ್ಟನ್ನೂ ಸಣ್ಣ ಊರಿನ ಗ್ಯಾರೇಜಿನಲ್ಲಿ, ಒಂದು ಲೇತು ಮತ್ತು ವೆಲ್ಡಿಂಗ್ ಯಂತ್ರ ಇಟ್ಟುಕೊಂಡು ಮಾಡಿದ್ದಾರೆ. ಹೊಸ ಎಂಜಿನಿನ ಜೊತೆ ಅದರದೇ ಐದು ಗೇರಿನ ಗೇರ್‌ಬಾಕ್ಸನ್ನೂ ತಂದಿದ್ದು ಜಾಣತನ. ಹಳೆಯ ಗೇರ್‌ಬಾಕ್ಸನ್ನೇ ಉಳಿಸಿದ್ದರೆ ಅದರ ಹಲ್ಲುಗಳು ಬಹಳ ದಿನ ತಾಳುತ್ತಿರಲಿಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ? ಅದನ್ನು ತಿಳಿಯಲು ನಮ್ಮಲ್ಲಿ ಎಂಜಿನ್ ಬದಲಾವಣೆ ಹೇಗೆ ನಡೆದುಬಂತು ಎಂಬುದನ್ನು ನೋಡಬೇಕು.

ಅಂದಿನ ಬದಲಾವಣೆ ಕೆಳಮುಖ

ಭಾರತದಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಮುಂದೆ ಬಹುಕಾಲ ಈ ಜೀಪುಗಳಲ್ಲಿ ಇದ್ದದ್ದು ‘ಹರಿಕೇನ್’ ಎಂಬ 2.2 ಲೀಟರಿನ ಪೆಟ್ರೋಲ್ ಎಂಜಿನ್. ಅದರ ಸಾಮರ್ಥ್ಯ 70 ಅಶ್ವಸಾಮರ್ಥ್ಯಕ್ಕೂ ತುಸು ಹೆಚ್ಚು. ಬಲವೇನೋ ಸಾಕಷ್ಟಿತ್ತು, ಆದರೆ ಪೆಟ್ರೋಲ್ ಕುಡಿಯುತ್ತಿತ್ತು. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಎಲ್ಲರ ಕಣ್ಣು ಡೀಸೆಲ್ ಕಡೆಗೆ ಹೊರಳಿತು. ಕಂಪನಿಯೇ ಟ್ರ್ಯಾಕ್ಟರಿನ ಡೀಸೆಲ್ ಎಂಜಿನನ್ನೂ, ನಂತರ ಫ್ರಾನ್ಸಿನ ಪ್ಯೂಜೊ ಪರವಾನಗಿಯಲ್ಲಿ ತಯಾರಾದ 2.1 ಲೀಟರಿನ ಡೀಸೆಲ್ ಎಂಜಿನನ್ನೂ ಜೀಪಿಗೆ ಅಳವಡಿಸಿತು. ಪ್ಯೂಜೊ ಎಂಜಿನಿನ ಸಾಮರ್ಥ್ಯ 60 ಅಶ್ವಸಾಮರ್ಥ್ಯದ ಆಸುಪಾಸು. ಕಂಪನಿ ಮಾಡಿದ್ದನ್ನೇ ಗ್ಯಾರೇಜುಗಳೂ ಮಾಡಿದವು. ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸುವುದು ಊರೂರಿನ ಉದ್ಯೋಗವಾಯಿತು.

ಅಂಬಾಸಡರಿನ ಕಥೆಯೂ ಹೀಗೆಯೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ಹೆಸರಿನಲ್ಲಿ ತಯಾರಿಸತೊಡಗಿತು. ಅದರ 1489 ಘನ ಸೆಂ.ಮೀ.ನ ಪೆಟ್ರೋಲ್ ಎಂಜಿನ್ ಸುಮಾರು 50 ಅಶ್ವಸಾಮರ್ಥ್ಯದ್ದು. 1980ರ ಸುಮಾರಿಗೆ ಅದೇ ಗಾತ್ರದ ಡೀಸೆಲ್ ಎಂಜಿನ್ ಬಂತು. ಅದರ ಸಾಮರ್ಥ್ಯ 40 ಅಶ್ವಸಾಮರ್ಥ್ಯವನ್ನೂ ದಾಟುತ್ತಿರಲಿಲ್ಲ. ಟ್ಯಾಕ್ಸಿಯವರಿಗೆ ಅದೇ ಬೇಕಾಗಿತ್ತು. ವೇಗ ಕಡಿಮೆಯಾದರೂ ದಿನದ ಖರ್ಚು ಇಳಿಯಿತು.

ಈ ಎರಡು ಉದಾಹರಣೆಗಳಲ್ಲಿ ಬದಲಾವಣೆಯ ದಿಕ್ಕನ್ನು ಗಮನಿಸಿ. 70ರಿಂದ 60ಕ್ಕೆ, 50ರಿಂದ 40ಕ್ಕಿಂತ ಕೆಳಕ್ಕೆ. ಹೆಚ್ಚು ಸಾಮರ್ಥ್ಯದ ಎಂಜಿನಿಗೆಂದು ರೂಪಿಸಿದ ಬ್ರೇಕು, ಆಕ್ಸಲ್, ರೇಡಿಯೇಟರುಗಳು ಕಡಿಮೆ ಸಾಮರ್ಥ್ಯದ ಎಂಜಿನನ್ನು ನಿರಾಯಾಸವಾಗಿ ತಾಳಿಕೊಂಡವು. ಡೀಸೆಲ್ ಎಂಜಿನ್ ಸ್ವಲ್ಪ ಭಾರವೆಂದು ಮುಂದಿನ ಸ್ಪ್ರಿಂಗನ್ನು ನೋಡಿಕೊಂಡರೆ ಸಾಕಿತ್ತು. ಜೀಪಿಗೆ ಪ್ರತ್ಯೇಕ ಚಾಸಿ ಇದ್ದುದರಿಂದ ಮೌಂಟಿಂಗ್ ಬೆಸೆಯಲೂ ತೊಂದರೆ ಇರಲಿಲ್ಲ. ಆದ್ದರಿಂದಲೇ ಉಸ್ತಾದರಿಗೆ ‘ಒಂದೂ ಕಂಪ್ಲೇಂಟ್’ ಬರಲಿಲ್ಲ.

ಇದನ್ನು ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ಅವರ ದತ್ತಾಂಶವೆಲ್ಲ ಒಂದೇ ದಿಕ್ಕಿನದು. ಗ್ರಾಫ್ ಹಾಳೆಯ ಎಡಭಾಗದಲ್ಲಷ್ಟೇ ಬಿಂದುಗಳನ್ನು ಗುರುತಿಸಿ, ಬಲಭಾಗಕ್ಕೆ ಗೆರೆ ಎಳೆದಂತೆ. ಇಂದಿನ ಬದಲಾವಣೆ ಮೇಲ್ಮುಖವಾದದ್ದು. 50 ಇದ್ದಲ್ಲಿ 100. ಅಲ್ಲಿ ಹಳೆಯ ಅನುಭವ ಸಾಕ್ಷಿಯಾಗಲಾರದು.

ಮೇಲಕ್ಕೆ ಏರಿಸಿದವರು ಏನು ಮಾಡಿದರು?

ಮೇಲ್ಮುಖ ಬದಲಾವಣೆಗೆ ನಮ್ಮಲ್ಲೂ ಕಾರ್ಖಾನೆಯ ಉದಾಹರಣೆಗಳಿವೆ. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಕಾಂಟೆಸಾ ಕಾರನ್ನು ತಂದಿತು. ಅದರ ದೇಹ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ದೊಡ್ಡ ಕಾರಿನದು. ಎಂಜಿನ್ ಮಾತ್ರ ಅಂಬಾಸಡರಿನ ಅದೇ 1489 ಘನ ಸೆಂ.ಮೀ.ನದು. ಎಮ್ಮೆಗೆ ಆಡಿನ ಕಾಲು ಕಟ್ಟಿದಂತಾಗಿತ್ತು. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಎಂಜಿನ್ ಮತ್ತು ಅದಕ್ಕೊಪ್ಪುವ ಐದು ಗೇರಿನ ಗೇರ್‌ಬಾಕ್ಸ್ ಬಂದ ಮೇಲೆ ಕಾಂಟೆಸಾಗೆ ಜೀವ ಬಂತು. ಇದನ್ನು ಯಶಸ್ವಿ ಎಂಜಿನ್ ಬದಲಾವಣೆ ಎಂದು ಹಲವರು ಹೊಗಳುತ್ತಾರೆ. ಹೊಗಳಿಕೆ ಸರಿಯೇ. ಆದರೆ ಅದರ ಕಾರಣವನ್ನೂ ನೋಡಬೇಕು. ಮೂಲದ ವಾಕ್ಸ್‌ಹಾಲ್ ಕಾರು ತನ್ನ ನಾಡಿನಲ್ಲಿ 1.8 ಮತ್ತು 2.3 ಲೀಟರಿನ ಎಂಜಿನುಗಳಿಗೆಂದೇ ರೂಪುಗೊಂಡಿತ್ತು. ಇಸುಜು ಎಂಜಿನ್ ಆ ಕಾರನ್ನು ಅದರ ಮೂಲ ಅಳತೆಗೆ ಮರಳಿಸಿತು, ಅಳತೆ ಮೀರಿಸಲಿಲ್ಲ.

1990ರ ದಶಕದ ಆರಂಭದಲ್ಲಿ ಅದೇ ಇಸುಜು ಎಂಜಿನ್ ಅಂಬಾಸಡರಿಗೂ ಬಂತು. ಸುಮಾರು 75 ಅಶ್ವಸಾಮರ್ಥ್ಯ, ಐದು ಗೇರು, ನೆಲದಿಂದ ಎದ್ದ ಗೇರ್ ಕೋಲು. ಇಲ್ಲಿ ನನ್ನ ಮೆಚ್ಚುಗೆ ಅರ್ಧದ್ದು. ಕಾರು ಚುರುಕಾಯಿತು ನಿಜ. ಆದರೆ ದೇಹದ ವಿನ್ಯಾಸ, ಮುಂದಿನ ಟಾರ್ಷನ್ ಬಾರ್, ಹಿಂದಿನ ಕಮಾನು ಪಟ್ಟಿ ಎಲ್ಲವೂ ಮೂಲತಃ 1950ರ ದಶಕದವು. ಹೊಸ ಎಂಜಿನ್ ಬಂದದ್ದೇ ಕಾರು ಹೊಸದಾಯಿತು ಎಂಬ ಭ್ರಮೆಯನ್ನು ಅದು ಬೆಳೆಸಿತು. ಆದರೂ ಒಂದು ಸಂಗತಿ ಗಮನಿಸಿ. ದೊಡ್ಡ ಕಾರ್ಖಾನೆ, ತನ್ನದೇ ಎಂಜಿನಿಯರುಗಳನ್ನು ಇಟ್ಟುಕೊಂಡು ಏರಿಸಿದ್ದು ಒಂದೂವರೆ ಪಟ್ಟು ಮಾತ್ರ. ಗುಂಡಗುರ್ತಿಯ ಕಾರಿನಲ್ಲಿ ಏರಿಸಿದ್ದು ಎರಡು ಪಟ್ಟು.

ಇನ್ನು ಇಂಗ್ಲೆಂಡಿನದೇ ಒಂದು ಉದಾಹರಣೆ. 1959ರಲ್ಲಿ ಬಂದ ಪುಟ್ಟ ಮಿನಿ ಕಾರಿನ ಎಂಜಿನ್ 848 ಘನ ಸೆಂ.ಮೀ., 34 ಅಶ್ವಸಾಮರ್ಥ್ಯ. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಅವರ ಪ್ರೇರಣೆಯಿಂದ 1961ರಲ್ಲಿ ಮಿನಿ ಕೂಪರ್ ಬಂತು. ಎಂಜಿನ್ 997 ಘನ ಸೆಂ.ಮೀ., 55 ಅಶ್ವಸಾಮರ್ಥ್ಯ. ಅಂದರೆ 1.6 ಪಟ್ಟು. ಎಂಜಿನ್ ಬದಲಾದ ಕೂಡಲೇ ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕಿದರು. ಓಟ ಹೆಚ್ಚಿಸಿದವರೇ ನಿಲುಗಡೆಯನ್ನೂ ಹೆಚ್ಚಿಸಿದರು. ಎರಡನ್ನೂ ಒಂದೇ ಕೆಲಸವೆಂದು ಅವರು ತಿಳಿದಿದ್ದರು.

ಬ್ರೇಕಿನ ಲೆಕ್ಕ

ಈಗ ಹಾಳೆ ಪೆನ್ಸಿಲ್ ತೆಗೆದುಕೊಳ್ಳಿ. ಐದು ಜನ ಕುಳಿತ ಅಂಬಾಸಡರಿನ ದ್ರವ್ಯರಾಶಿ 1500 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು.

ವೇಗ ಗಂಟೆಗೆ 60 ಕಿ.ಮೀ. ಇದ್ದರೆ ಚಲನಶಕ್ತಿ ಸುಮಾರು 208 ಕಿಲೋಜೂಲ್.
ವೇಗ ಗಂಟೆಗೆ 100 ಕಿ.ಮೀ. ಇದ್ದರೆ ಸುಮಾರು 579 ಕಿಲೋಜೂಲ್.

ವೇಗ ಒಂದೂಮುಕ್ಕಾಲು ಪಟ್ಟೂ ಆಗಿಲ್ಲ, ಶಕ್ತಿ ಹೆಚ್ಚುಕಡಿಮೆ ಮೂರು ಪಟ್ಟಾಗಿದೆ. ಬ್ರೇಕ್ ಒತ್ತಿದಾಗ ವೇಗ ಪ್ರತಿ ಸೆಕೆಂಡಿಗೆ 5 ಮೀ./ಸೆ.ನಂತೆ ಇಳಿಯುತ್ತದೆ ಎನ್ನೋಣ. 60ರಲ್ಲಿದ್ದ ಕಾರು ಸುಮಾರು 28 ಮೀಟರಿನಲ್ಲಿ ನಿಲ್ಲುತ್ತದೆ. 100ರಲ್ಲಿದ್ದ ಕಾರಿಗೆ 77 ಮೀಟರ್ ಬೇಕು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 28 ಮೀಟರ್ ಸಾಗಿರುತ್ತದೆ. ಒಟ್ಟು 105 ಮೀಟರ್.

ಇನ್ನೊಂದು ಲೆಕ್ಕ ನೋಡಿ. 100ರ ವೇಗದಿಂದ ನಿಲ್ಲಲು ಹಿಡಿದ ಕಾಲ ಸುಮಾರು 5.6 ಸೆಕೆಂಡ್. 579 ಕಿಲೋಜೂಲನ್ನು 5.6ರಿಂದ ಭಾಗಿಸಿದರೆ ಸರಾಸರಿ 104 ಕಿಲೋವಾಟ್. ಅಂದರೆ ಸುಮಾರು 140 ಅಶ್ವಸಾಮರ್ಥ್ಯ! ಹೊಸ ಎಂಜಿನ್ ಕೊಡುವುದಕ್ಕಿಂತಲೂ ಹೆಚ್ಚಿನ ಸಾಮರ್ಥ್ಯದಲ್ಲಿ ಬ್ರೇಕುಗಳು ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸಬೇಕು. ಕಾರಿನ ಅತಿ ಬಲಿಷ್ಠ ಯಂತ್ರ ಎಂಜಿನ್ ಅಲ್ಲ, ಬ್ರೇಕು.

“ಹಳೆಯ ಎಂಜಿನ್ ಇದ್ದಾಗಲೂ ಅಂಬಾಸಡರ್ 100ರಲ್ಲಿ ಓಡುತ್ತಿತ್ತಲ್ಲ?” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಓಡುತ್ತಿತ್ತು. ಆದರೆ ಆ ವೇಗ ಮುಟ್ಟಲು ಬಹಳ ಹೊತ್ತು ಹಿಡಿಯುತ್ತಿತ್ತು. ಲಾರಿಯೊಂದರ ಹಿಂದೆ 40ಕ್ಕೆ ಇಳಿದ ಕಾರು ಮತ್ತೆ 100ಕ್ಕೆ ಏರಬೇಕು ಎಂದುಕೊಳ್ಳಿ. ಬೇಕಾದ ಹೆಚ್ಚುವರಿ ಚಲನಶಕ್ತಿ ಸುಮಾರು 486 ಕಿಲೋಜೂಲ್. ಹಳೆಯ ಎಂಜಿನಿನ 37 ಕಿಲೋವಾಟಿನಲ್ಲಿ ಅರ್ಧ ಗಾಳಿಯ ತಡೆ ಮತ್ತು ಘರ್ಷಣೆಗೆ ಹೋದರೆ, ವೇಗ ಹೆಚ್ಚಿಸಲು ಉಳಿಯುವುದು ಸುಮಾರು 18.5 ಕಿಲೋವಾಟ್. ಹಿಡಿಯುವ ಕಾಲ 26 ಸೆಕೆಂಡ್. ಹೊಸ ಎಂಜಿನಿನ 74 ಕಿಲೋವಾಟಿನಲ್ಲಿ ಗಾಳಿ ಮತ್ತು ಘರ್ಷಣೆಯ ಪಾಲು ಅಷ್ಟೇ. ಉಳಿಯುವುದು 55.5 ಕಿಲೋವಾಟ್. ಹಿಡಿಯುವ ಕಾಲ 9 ಸೆಕೆಂಡ್ ಕೂಡ ಬೇಡ. ಎಂಜಿನ್ ಎರಡು ಪಟ್ಟಾದರೆ ಮಿಗುವ ಸಾಮರ್ಥ್ಯ ಮೂರು ಪಟ್ಟಾಗುತ್ತದೆ. ಇದು ಒರಟು ಲೆಕ್ಕ, ಆದರೆ ಅದರ ಅರ್ಥ ಸ್ಪಷ್ಟವಾಗಿದೆ. ಒಂದು ಬ್ರೇಕಿಗೂ ಮುಂದಿನ ಬ್ರೇಕಿಗೂ ನಡುವೆ ಡ್ರಮ್ಮುಗಳಿಗೆ ತಣ್ಣಗಾಗಲು ಸಿಗುವ ವಿರಾಮ ಮೂರನೇ ಒಂದು ಪಾಲಿಗೆ ಇಳಿಯಿತು.

ನಾಲ್ಕೂ ಡ್ರಮ್ಮುಗಳು ಸೇರಿ 30 ಕಿಲೋಗ್ರಾಂ ಬೀಡುಕಬ್ಬಿಣ ಎಂದು ಇಟ್ಟುಕೊಂಡರೆ, 100ರಿಂದ 40ಕ್ಕೆ ಇಳಿಸುವ ಪ್ರತಿ ಬ್ರೇಕಿಗೂ ಅವುಗಳ ತಾಪ ಸುಮಾರು 35 ಡಿಗ್ರಿ ಏರುತ್ತದೆ. ಇಳಿಯಲು ಬಿಡುವಿಲ್ಲದಿದ್ದರೆ ಏರಿಕೆ ಒಂದರ ಮೇಲೊಂದು ಕೂಡುತ್ತದೆ. ಕಾದ ಡ್ರಮ್ ಹಿಗ್ಗಿ ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಲೈನರಿನ ಘರ್ಷಣೆಯೂ ಕುಗ್ಗುತ್ತದೆ. ಪೆಡಲ್ ಕೆಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಡಿಸ್ಕ್ ಬ್ರೇಕಿನಲ್ಲಿ ಇದು ಕಡಿಮೆ. ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ ಮತ್ತು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ಹೊಸ ಲೈನರ್ ಹಾಕಿದರೆ ಸವೆದ ಬ್ರೇಕು ಸರಿಯಾಗುತ್ತದೆ. ಸಣ್ಣ ಬ್ರೇಕು ದೊಡ್ಡದಾಗುವುದಿಲ್ಲ. ನಿರ್ವಾತದ ಬೂಸ್ಟರ್ ಹಾಕಿದರೂ ಅಷ್ಟೇ. ಅದು ಕಾಲಿನ ಶ್ರಮ ಉಳಿಸುತ್ತದೆ, ಡ್ರಮ್ಮು ಹೀರಬಲ್ಲ ಉಷ್ಣವನ್ನು ಹೆಚ್ಚಿಸುವುದಿಲ್ಲ.

ಎರಡರ ಘನಮೂಲ

ಎಂಜಿನಿನ ಸಾಮರ್ಥ್ಯ ಎರಡು ಪಟ್ಟಾದರೆ ಗರಿಷ್ಠ ವೇಗವೂ ಎರಡು ಪಟ್ಟಾಗುವುದೆ? ಇಲ್ಲ. ಗಾಳಿಯ ತಡೆಯನ್ನು ಎದುರಿಸಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಗರಿಷ್ಠ ವೇಗ ಏರುವುದು ಎರಡರ ಘನಮೂಲದಷ್ಟು, ಅಂದರೆ ಸುಮಾರು 1.26 ಪಟ್ಟು. ದುಪ್ಪಟ್ಟು ಎಂಜಿನಿನಿಂದ ಸಿಕ್ಕಿದ್ದು ಕಾಲುಪಾಲು ವೇಗ. ದುಂಡು ಮೂಗಿನ, ಎತ್ತರದ ಅಂಬಾಸಡರಿಗೆ ಆ ವೇಗದಲ್ಲಿ ಓಡುವ ಯೋಗ್ಯತೆ ಇದೆಯೆ ಎಂಬುದು ಬೇರೆ ಮಾತು.

ಅದೇ ಸಂಖ್ಯೆ ಇನ್ನೊಂದೆಡೆ ಎದುರಾಗುತ್ತದೆ. ಹಳೆಯ ಪೆಟ್ರೋಲ್ ಎಂಜಿನಿನ ತಿರುಚುಬಲ (ಟಾರ್ಕ್) ಸುಮಾರು 100 ನ್ಯೂಟನ್ ಮೀಟರ್. ಹೊಸ ಟರ್ಬೊ ಡೀಸೆಲಿನದು 200. ಮೊದಲ ಗೇರು ಅದನ್ನು ನಾಲ್ಕು ಪಟ್ಟು ಮಾಡುತ್ತದೆ ಎನ್ನಿ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ 400 ಬೀಳುತ್ತಿದ್ದಲ್ಲಿ ಈಗ 800 ಬೀಳುತ್ತದೆ. ಡಿಫರೆನ್ಷಿಯಲ್ ದಾಟಿ ಹಿಂದಿನ ಆಕ್ಸಲಿಗೆ ಹೋಗುವಾಗ ಅದು ಮತ್ತೆ ನಾಲ್ಕೂವರೆ ಪಟ್ಟಾದರೆ 1800 ಇದ್ದದ್ದು 3600 ಆಗುತ್ತದೆ. ಉರುಟಾದ ಉಕ್ಕಿನ ಶಾಫ್ಟು ತಾಳುವ ತಿರುಚುಬಲ ಅದರ ವ್ಯಾಸದ ಘನಕ್ಕೆ ಅನುಗುಣವಾದದ್ದು. ಹಾಗಾಗಿ ದುಪ್ಪಟ್ಟು ತಿರುಚುಬಲವನ್ನು ಅದೇ ಸುರಕ್ಷತೆಯಲ್ಲಿ ತಾಳಲು ಅದರ ವ್ಯಾಸ 1.26 ಪಟ್ಟು ದಪ್ಪವಾಗಬೇಕು. ಗೇರ್‌ಬಾಕ್ಸ್ ಹೊಸದು, ಸರಿ. ಹಿಂದಿನ ಆಕ್ಸಲ್ ಮತ್ತು ಡಿಫರೆನ್ಷಿಯಲ್ ಅಪ್ಪನ ಕಾಲದವು. ಸರಪಳಿಯ ಒಂದು ಕೊಂಡಿಯನ್ನು ಗಟ್ಟಿ ಮಾಡಿದರೆ ಮುಂದಿನ ಕೊಂಡಿ ಮುರಿಯುತ್ತದೆ. ಅಂಬಾಸಡರಿಗೆ ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲ, ದೇಹವೇ ಚೌಕಟ್ಟು. ಎಂಜಿನಿನ ಎಳೆತವೆಲ್ಲ ಆ ತಗಡಿನ ದೇಹದ ಮೇಲೆಯೇ. ಮೌಂಟಿಂಗನ್ನು ಎಲ್ಲಿ, ಹೇಗೆ ಬೆಸೆದರೆಂಬುದು ಅದಕ್ಕೇ ಮುಖ್ಯ.

ನಮ್ಮ ಬಿಸಿಲಿನ ಲೆಕ್ಕ

ಎಂಜಿನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಚಕ್ರಕ್ಕೆ, ಒಂದು ಪಾಲು ಹೊಗೆಯೊಂದಿಗೆ, ಇನ್ನೊಂದು ಪಾಲು ತಂಪುಗೊಳಿಸುವ ನೀರಿಗೆ ಹೋಗುತ್ತದೆ ಎಂಬುದು ವಾಡಿಕೆಯ ಅಂದಾಜು. ಹಾಗಾದರೆ ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ರೇಡಿಯೇಟರ್ ಹೊರಹಾಕಬೇಕಾದ ಉಷ್ಣವೂ ಎರಡು ಪಟ್ಟಾಯಿತು.

ಇದಕ್ಕೆ ಊರನ್ನೂ ಸೇರಿಸಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಎಂದರೆ ಯಾರೂ ಬೆರಗಾಗುವುದಿಲ್ಲ. ರೇಡಿಯೇಟರಿನ ನೀರು 92 ಡಿಗ್ರಿಯಲ್ಲಿದೆ ಎನ್ನಿ. ಹೊರಗೆ 22 ಡಿಗ್ರಿ ಇರುವ ತಂಪು ನಾಡಿನಲ್ಲಿ ತಾಪದ ವ್ಯತ್ಯಾಸ 70. ನಮ್ಮಲ್ಲಿ 50. ಉಷ್ಣ ಹೊರಹೋಗುವ ದರ ಈ ವ್ಯತ್ಯಾಸಕ್ಕೆ ಅನುಗುಣವಾದದ್ದು. ಅದೇ ರೇಡಿಯೇಟರ್ ನಮ್ಮ ಬಿಸಿಲಿನಲ್ಲಿ ಶೇ. 29ರಷ್ಟು ಕಡಿಮೆ ಕೆಲಸ ಮಾಡುತ್ತದೆ. ಟರ್ಬೊ ಎಂಜಿನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನೂ ರೇಡಿಯೇಟರಿನ ಮುಂದೆಯೇ ನಿಲ್ಲಿಸಿದರೆ ಗಾಳಿಯ ದಾರಿಗೆ ಇನ್ನಷ್ಟು ಅಡ್ಡಿ. ಡಿಸೆಂಬರಿನಲ್ಲಿ ಚೆನ್ನಾಗಿ ಓಡಿದ ಕಾರು ಮೇ ತಿಂಗಳಲ್ಲಿ ಕುದಿಯುವುದು ಇದಕ್ಕೇ.

ಹೊಗೆಯ ಮಾತನ್ನೂ ಬಿಡುವಂತಿಲ್ಲ. ಹೊಸ ಎಂಜಿನ್ ಹಳೆಯದಕ್ಕಿಂತ ಶುದ್ಧ ಎಂಬ ವಾದ ಕೇಳುತ್ತೇವೆ. ತನ್ನ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯನ್ನು ಮರಳಿಸುವ ಕವಾಟ, ಸಂವೇದಕಗಳು ಎಲ್ಲವೂ ಜೊತೆಗಿದ್ದಾಗ ಅದು ನಿಜ. ನಾನು ನೋಡಿದ ಕಾರಿನಲ್ಲಿ ಕನ್ವರ್ಟರನ್ನು ‘ಜಾಗ ಸಾಲಲಿಲ್ಲ’ ಎಂದು ಬಿಟ್ಟಿದ್ದರು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದಂತೆ ಮಾಲೀಕರು ವಾಹನವನ್ನು ಮಾರ್ಪಡಿಸಬಾರದು. ಅನಿಲ, ಬ್ಯಾಟರಿ ಮುಂತಾದ ಬೇರೆ ಶಕ್ತಿಮೂಲಕ್ಕೆ ಬದಲಾಯಿಸಲು ಅಂಗೀಕೃತ ಕಿಟ್ ಬಳಸಿ, ನಿಯಮದಂತೆ ಮಾಡಿಸಿಕೊಳ್ಳಲು ಅವಕಾಶವಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ವಿಧಿಸಲು ದಾರಿ ಮಾಡಿತು. ಕೆಟ್ಟ ಎಂಜಿನಿನ ಜಾಗದಲ್ಲಿ ಅದೇ ಬಗೆಯ ಎಂಜಿನನ್ನು ಅನುಮತಿ ಪಡೆದು ಹಾಕಿಸುವುದು ಬೇರೆ, ಇದು ಬೇರೆ. ನೋಂದಣಿ ಪತ್ರದಲ್ಲಿ ಒಂದು ಎಂಜಿನ್, ಬಾನೆಟ್ಟಿನಡಿ ಇನ್ನೊಂದು ಎಂದಾದರೆ, ಅಪಘಾತದ ದಿನ ವಿಮೆಯ ಪ್ರಶ್ನೆಯೂ ಎದ್ದು ನಿಲ್ಲುತ್ತದೆ. ಪೆಟ್ಟು ತಿಂದ ಟ್ರ್ಯಾಕ್ಟರಿನವನಿಗೆ ಪರಿಹಾರ ಎಲ್ಲಿಂದ ಬರಬೇಕು?

ಕಾನೂನನ್ನು ಬರೀ ಅಡ್ಡಗೋಡೆ ಎಂದು ನೋಡಬೇಡಿ. ಮೇಲಿನ ಲೆಕ್ಕಗಳನ್ನು ಯಾರಾದರೂ ಒಬ್ಬರು ಮಾಡಿ, ಪರೀಕ್ಷಿಸಿ, ಸಹಿ ಹಾಕಿರಬೇಕು ಎಂಬುದೇ ಅದರ ತಿರುಳು. ತಯಾರಕರು ಆ ಕೆಲಸ ಮಾಡಿರುತ್ತಾರೆ. ಗ್ಯಾರೇಜಿನಲ್ಲಿ ಆ ಸಹಿ ಯಾರದು?

ಕಳೆದುಹೋಗುವ ಪಾಠ

2021ರಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಆ ಗೌರವ ಸಲ್ಲುತ್ತದೆ. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಇನ್ನು ಹೊಸದು ಬರುವುದಿಲ್ಲ. ಎಂಜಿನ್ ಬದಲಾದ ಪ್ರತಿ ಕಾರೂ ಮೂಲರೂಪದ ಕಾರುಗಳ ಲೆಕ್ಕದಿಂದ ಒಂದನ್ನು ಕಳೆಯುತ್ತದೆ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವನ್ನು ನೀವು ನೋಡಿರಬಹುದು. ಅಲ್ಲಿ ಜನ ನಿಂತು ನೋಡುವುದು ವೇಗವನ್ನಲ್ಲ, ಒಂದು ಕಾಲದ ಯಂತ್ರವನ್ನು.

ಶಿಕ್ಷಕರಿಗೆ ಇದರಲ್ಲಿ ಇನ್ನೊಂದು ನಷ್ಟವಿದೆ. ಹಳೆಯ ಎಂಜಿನಿನಲ್ಲಿ ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಸ್ಪಾರ್ಕ್ ಪ್ಲಗ್ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಬೆರಳಿಟ್ಟು ತೋರಿಸಿ ನಾಲ್ಕು ಹೊಡೆತಗಳ ಚಕ್ರವನ್ನು ಹೇಳಿಕೊಡಬಹುದು. ಹೊಸ ಎಂಜಿನಿನಲ್ಲಿ ಅರ್ಧ ಕೆಲಸ ಕಪ್ಪು ಡಬ್ಬಿಯೊಳಗೆ ನಡೆಯುತ್ತದೆ.

ಹಾಗಾದರೆ ಎಂಜಿನ್ ಬದಲಿಸಲೇಬಾರದೆ? ನಾನು ಹಾಗೆ ಹೇಳುತ್ತಿಲ್ಲ. ಕಾಂಟೆಸಾ ಮತ್ತು ಮಿನಿ ಕೂಪರ್ ಒಳ್ಳೆಯ ಕೆಲಸಗಳೇ. ಬದಲಾವಣೆಯನ್ನು ಅಳೆಯುವ ಕ್ರಮ ಬದಲಾಗಬೇಕು. ಎಂಜಿನ್ ಎಷ್ಟು ಬಲವಾದದ್ದು ಎಂದು ಕೇಳುವ ಮೊದಲು ಐದು ಪ್ರಶ್ನೆ ಕೇಳಿ. ಬ್ರೇಕು ಆ ಶಕ್ತಿಯನ್ನು ಪದೇ ಪದೇ ಹೀರಬಲ್ಲದೆ? ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದವರೆಗೆ ಪ್ರತಿ ಭಾಗವೂ ಆ ತಿರುಚುಬಲವನ್ನು ತಾಳುತ್ತದೆಯೆ? ಮೇ ತಿಂಗಳ ಬಿಸಿಲಿಗೆ ರೇಡಿಯೇಟರ್ ಸಾಕೆ? ಹೊಗೆ ಶುದ್ಧಿಯ ಸಾಧನಗಳೆಲ್ಲ ಜೊತೆಗೆ ಬಂದಿವೆಯೆ? ನೋಂದಣಿ ಪತ್ರ ಅದನ್ನು ಒಪ್ಪುತ್ತದೆಯೆ? ಐದಕ್ಕೂ ಹೌದು ಎಂಬ ಉತ್ತರ ಬಂದರೆ ಅದು ಎಂಜಿನಿಯರಿಂಗ್. ಒಂದಕ್ಕೆ ಇಲ್ಲ ಎಂದರೂ ಅದು ರಸ್ತೆಯಲ್ಲಿ ಹೋಗುವ ಇತರರ ಮೇಲೆ ಮಾಡುವ ಪ್ರಯೋಗ.

ತರಗತಿಗೊಂದು ಚಟುವಟಿಕೆ

ವೇಗದ ವರ್ಗದ ಮಾತನ್ನು ಮಕ್ಕಳು ನನ್ನ ಬಾಯಿಂದ ಕೇಳಿ ನಂಬಬೇಕಾಗಿಲ್ಲ. ಶಾಲೆಯ ಮೈದಾನದಲ್ಲಿ ಸುಣ್ಣದಿಂದ 10 ಮೀಟರ್ ಅಂತರಕ್ಕೆ ಎರಡು ಗೆರೆ ಎಳೆಯಿರಿ. ಒಬ್ಬ ವಿದ್ಯಾರ್ಥಿ ಸೈಕಲ್ಲಿನಲ್ಲಿ ಒಂದೇ ವೇಗದಲ್ಲಿ ಬಂದು ಎರಡನೇ ಗೆರೆ ದಾಟುತ್ತಲೇ ಹಿಂದಿನ ಬ್ರೇಕನ್ನು ಒಂದೇ ಸಮನೆ ಒತ್ತಲಿ. 10 ಮೀಟರ್ ಕ್ರಮಿಸಿದ ಕಾಲದಿಂದ ವೇಗ ಸಿಗುತ್ತದೆ. ಗೆರೆಯಿಂದ ನಿಂತ ಜಾಗದವರೆಗೆ ಟೇಪಿನಿಂದ ಅಳೆಯಿರಿ. ನಿಧಾನದ ಐದಾರು ಅಳತೆ ಮೊದಲು ಮಾಡಿ, ಅವುಗಳಿಂದ ಹೆಚ್ಚು ವೇಗದಲ್ಲಿ ಎಷ್ಟು ದೂರ ಬೇಕಾದೀತೆಂದು ಮಕ್ಕಳು ಊಹಿಸಿ ಬರೆದಿಡಲಿ. ಅನಂತರ ತುಸು ವೇಗ ಹೆಚ್ಚಿಸಿ ಅಳೆಯಿರಿ. ನೆಲ ಒಣಗಿರಲಿ, ಮುಂದೆ ಯಾರೂ ನಿಂತಿರದಿರಲಿ. ಹೆಚ್ಚಿನವರ ಊಹೆ ನಿಜವಾದ ದೂರಕ್ಕಿಂತ ಕಡಿಮೆ ಇರುತ್ತದೆ. ಉಸ್ತಾದರು ಎಡವಿದ್ದೂ ಅಲ್ಲಿಯೇ.

ಮೊನ್ನೆ ಆ ಹುಡುಗನಿಗೆ ಫೋನ್ ಮಾಡಿ ಈ ಲೆಕ್ಕಗಳನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತೇ ಹೇಳಬೇಕಿತ್ತಲ್ರಿ ಸರ್” ಎಂದ. ಅವನು ಹೇಳಿದ್ದು ಸರಿ. ಅಪ್ಪನ ಕಾಲದ ಎಂಜಿನ್ ಏನಾಯಿತು ಎಂದು ಕೇಳಿದೆ. ಗ್ಯಾರೇಜಿನ ಮೂಲೆಯಲ್ಲಿ ಫರ್ಸಿ ಕಲ್ಲಿನ ಮೇಲೆ ಇದೆಯಂತೆ, ಗುಜರಿಗೆ ಇನ್ನೂ ಹಾಕಿಲ್ಲವಂತೆ. ಹಾಕಬೇಡ ಎಂದು ಹೇಳಿದ್ದೇನೆ.